ನನ್ನ ಅಂಗಿಯ ವಾತಾವರಣ

ಗಾಳಿ ಕಣ್ಣಿಗೆ ಕಾಣುವುದಿಲ್ಲ ಎಂದು ಪುಸ್ತಕದಲ್ಲಿ ಬರೆದವರು ನಮ್ಮ ವಾಡಿ ಊರಿಗೆ ಬಂದವರಲ್ಲ. ಇಲ್ಲಿ ಗಾಳಿ ಚೆನ್ನಾಗಿಯೇ ಕಾಣುತ್ತದೆ. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ನಿಮ್ಮ ಹೆಸರು ಬರೆಯಬಹುದು. ಸಂಜೆಯವರೆಗೆ ಕಾದರೆ ತಂದೆಯ ಹೆಸರನ್ನೂ ಸೇರಿಸಬಹುದು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ, ಲಾರಿ, ರೈಲು, ಸಿಮೆಂಟು ಕಾರ್ಖಾನೆಯ ಚಿಮಣಿ, ಎಲ್ಲವೂ ತಮ್ಮ ಪಾಲಿನದನ್ನು ತಪ್ಪದೆ ಕಳಿಸಿಕೊಡುತ್ತವೆ. ನಮ್ಮ ಓಣಿಯ ಹೆಂಗಸರು ಬಟ್ಟೆ ಒಣಹಾಕುವ ಮುನ್ನ ಬಿಸಿಲು ನೋಡುವುದಿಲ್ಲ, ಹೊಗೆ ನೋಡುತ್ತಾರೆ. "ಹೊಗಿ ಚಿತ್ತಾಪುರ ಕಡಿ ಹೊಳ್ಳೇದ, ಹಾಕ್ರೇ!" ಎಂದು ಒಬ್ಬಾಕೆ ಕೂಗಿದರೆ ಸಾಕು, ಎಲ್ಲ ಮಾಳಿಗೆಗಳ ಮೇಲೂ ಸೀರೆಗಳು ಹಾರಾಡುತ್ತವೆ. ಆಗ ಪಕ್ಕದೂರು ಚಿತ್ತಾಪುರದವರು ಏನು ಮಾಡುತ್ತಾರೋ, ನಾನು ಕೇಳಲು ಹೋಗಿಲ್ಲ.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ವಾತಾವರಣದ ಪಾಠವೆಂದರೆ ನನಗೆ ಮೈಮೇಲೆ ದೇವರು ಬಂದ ಹಾಗೆ. ಅನಿಲಗಳಿರಬೇಕು, ನೀರಿನ ಆವಿ ಇರಬೇಕು, ಧೂಳೂ ಇರಬೇಕು. ಧೂಳನ್ನು ಬೈಯಬೇಡಿ, ಆವಿ ಕೂತು ಹನಿಯಾಗಲು ಅದೇ ಆಸರೆ, ಅದಿಲ್ಲದಿದ್ದರೆ ಮಳೆಗೇ ಕಷ್ಟ ಎಂದು ವರ್ಷವರ್ಷವೂ ಗಂಟಲು ಹರಿದುಕೊಳ್ಳುತ್ತೇನೆ. ಒಮ್ಮೆ ಮನೆಯಲ್ಲೂ ಇದನ್ನು ಹೇಳಿದೆ. ಹೆಂಡತಿ ಸುಮಿತ್ರಾ ಕೈಯಲ್ಲಿದ್ದ ಒರೆಸುವ ಬಟ್ಟೆ ಎತ್ತಿ ತೋರಿಸಿ, "ಹಂಗಿದ್ರ ವಾಡ್ಯಾಗ ದಿನಾ ಮಳಿ ಆಗಬೇಕಿತ್ತಲ್ರಿ?" ಎಂದು ಬಿದ್ದು ಬಿದ್ದು ನಕ್ಕಳು. ಆವಿಯೂ ಬೇಕಲ್ಲ ಎಂದು ನಾನು ತಡವರಿಸುವಷ್ಟರಲ್ಲಿ ಅವಳು ಆ ಬಟ್ಟೆ ನನ್ನ ಕೈಗಿತ್ತು ಒಳಗೆ ಹೋಗಿದ್ದಳು.

ಕಳೆದ ದೀಪಾವಳಿಯ ನಂತರ ಆ ನಗು ನಿಂತಿತು. ಸುಮಿತ್ರಾಗೆ ದಮ್ಮು ಶುರುವಾಯಿತು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ, ನಕ್ಕರೆ ಕೆಮ್ಮು. ನಗು ಬಂದಾಗ ಸೆರಗನ್ನು ಬಾಯಿಗೆ ಒತ್ತಿ ಅದನ್ನು ನುಂಗಿಬಿಡುವುದನ್ನು ಕಲಿತಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. "ಧೂಳಿನಿಂದ ದೂರ ಇಡ್ರಿ. ಇಲ್ಲಿ ಆಗಲಿಲ್ಲಂದ್ರ ಬ್ಯಾರೆ ಊರಾಗ ಇರ್ಲಿ" ಎಂದರು ಡಾಕ್ಟರು. ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಅವಳ ಅಕ್ಕ ಇದ್ದಾರೆ. ಆ ಕಡೆ ಕಾಡಿದೆ, ಗಾಳಿ ಹಗುರ.

"ಅಲ್ಲಿ ಹವಾ ಭಾಳ ಛಲೋ ಅದ, ಖರೆ" ಎಂದಳು ಸುಮಿತ್ರಾ. "ಆದ್ರ ಅದರಾಗ ನೀವಿಲ್ಲ."

ಇಷ್ಟು ವರ್ಷ ವಾತಾವರಣ ಕಲಿಸಿದರೂ ನನ್ನನ್ನು ಅದರ ಒಂದು ಅಂಶವೆಂದು ಯಾರೂ ಎಣಿಸಿರಲಿಲ್ಲ. ಅಂದೇ ಧೂಳಿನ ಮೇಲೆ ಯುದ್ಧ ಸಾರಿದೆ. ಕಿಟಕಿಗಳೆಲ್ಲ ಬಂದ್, ಬಾಗಿಲಿಗೆ ಒದ್ದೆ ಚಾದರ. ಊದುಬತ್ತಿ ಬಂದ್. ಮೆಣಸಿನಕಾಯಿಯ ಘಾಟೂ ಒಂದು ಅನಿಲವೇ ಎಂದು ಒಗ್ಗರಣೆಯನ್ನೂ ಬಂದ್ ಮಾಡಿದೆ; ಇಬ್ಬರೂ ಸಪ್ಪೆ ಬೇಳೆಯನ್ನೇ ಉಂಡೆವು. ಪಕ್ಕದ ಮನೆಯ ಶಾಂತಮ್ಮ ನಮ್ಮ ಕಡೆಗೆ ಕೌದಿ ಝಾಡಿಸಬಾರದೆಂದು ಕೈಮುಗಿದು ಬಂದೆ. ಕಲಬುರಗಿಯಿಂದ ಗಾಳಿ ಅಳೆಯುವ ಪುಟ್ಟ ಯಂತ್ರ ತಂದು ಅವಳ ಮಂಚದ ಪಕ್ಕ ಇಟ್ಟೆ. ಗಾಳಿ ಸ್ವಚ್ಛವಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು.

ಸಂಜೆ ಶಾಲೆಯಿಂದ ಬಂದು ಅವಳ ಪಕ್ಕ ಕೂತು ನೋಡಿದರೆ ದಿನವೂ ಕೆಂಪು. ಚಿಮಣಿಯನ್ನು ಬೈದೆ, ರೈಲನ್ನು ಬೈದೆ, ಶಾಂತಮ್ಮನ ರೊಟ್ಟಿ ಒಲೆಯನ್ನೂ ಬಿಡಲಿಲ್ಲ. ಕೊನೆಗೊಂದು ಸಂಜೆ ಸೋತು, ಶಾಲೆಯಿಂದ ಬಂದವನೇ ಚಂದಾಪುರಕ್ಕೆ ಫೋನ್ ಮಾಡಿದೆ. ಸುಮಿತ್ರಾ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಮಡಿಸಿಕೊಡೋಣವೆಂದು ನಾನು ಹತ್ತಿರ ಹೋದೆ. ಹಸಿರಾಗಿದ್ದ ದೀಪ ಕೆಂಪಾಯಿತು. ಅವಳು ದೀಪ ನೋಡಿದಳು, ನನ್ನನ್ನು ನೋಡಿದಳು.

"ನೀವು ಸ್ವಲ್ಪ ಹೊರಗ ಹೋಗ್ರಿ."

ಹೋಗಿ ನಿಂತೆ. ತುಸು ಹೊತ್ತಿಗೆ, "ಹಸರು ಬಂತು. ಬರ್ರಿ" ಎಂದಳು. ಬಂದೆ. ಕೆಂಪು.

"ಮತ್ತ ಹೋಗ್ರಿ."

ಹೊರಗೆ ಕಟ್ಟೆಯ ಮೇಲೆ ನಿಂತು ಅಂಗಿ ಕೊಡವಿದೆ. ಸೀಮೆಸುಣ್ಣದ ಬಿಳಿ ಮೋಡವೇ ಎದ್ದಿತು. ಪಾಠದ ಹುಮ್ಮಸ್ಸಿನಲ್ಲಿ ಬೋರ್ಡನ್ನು ತೋಳಿನಿಂದಲೇ ಒರೆಸುವ ಮನುಷ್ಯ ನಾನು. ಊರಿನ ಧೂಳನ್ನೆಲ್ಲ ಬಾಗಿಲಾಚೆ ತಡೆದು, ನಾನೊಬ್ಬ ಮಾತ್ರ ದಿನವೂ ರಾಜಾರೋಷವಾಗಿ ಒಳಗೆ ಬರುತ್ತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಸೀರೆಗಳು ಕಪಾಟಿಗೆ ಮರಳಿದವು.

ಮರುದಿನದಿಂದ ಹೊಸ ಪದ್ಧತಿ. ಶಾಲೆ ಬಿಟ್ಟು ಬಂದವನು ಶಾಂತಮ್ಮನ ಕಟ್ಟೆಯ ಮೇಲೆ ಬೆನ್ನು ಕೊಟ್ಟು ನಿಲ್ಲಬೇಕು. ಆಕೆ ಟವೆಲ್ ತಿರುವಿ ಕೌದಿ ಝಾಡಿಸಿದ ಹಾಗೆ ನನ್ನನ್ನು ಝಾಡಿಸುತ್ತಾರೆ. ಕೌದಿ ಝಾಡಿಸಬೇಡಿ ಎಂದಿದ್ದ ಮಾತಿನ ಸಿಟ್ಟೂ ಅದರಲ್ಲಿ ಸ್ವಲ್ಪ ಇತ್ತು. ಸುಮಿತ್ರಾ ಕಿಟಕಿಯ ಗಾಜಿನ ಹಿಂದೆ ನಿಂತು, "ಬೆನ್ನಿಗಿ ಹೊಡಿ ಶಾಂತಕ್ಕಾ, ಇನ್ನಾ ಬೆನ್ನಿಗಿ!" ಎನ್ನುತ್ತಾಳೆ. ಔಷಧಿಯೂ ಹಿಡಿಯಿತೆನ್ನಿ, ಒಂದು ಸಂಜೆ ಅವಳು ಹಾಗೆ ಕೂಗಿ ಗಟ್ಟಿಯಾಗಿ ನಕ್ಕಳು. ಕೆಮ್ಮು ಬರಲಿಲ್ಲ. ಸೆರಗು ಬಾಯಿಗೆ ಹೋಗಲಿಲ್ಲ. ಓಣಿಯವರೆದುರು ಕಟ್ಟೆಯ ಮೇಲೆ ನಿಂತು ಪೆಟ್ಟು ತಿನ್ನುತ್ತಿದ್ದ ನನ್ನ ಕಣ್ಣು ತುಂಬಿತು. ಶಾಂತಮ್ಮ ಜೋರಾಯಿತೇನೋ ಎಂದು ಗಾಬರಿಯಾದರು.

ಈಗ ನಾನು ಶಾಲೆಯಲ್ಲೇ ಒಂದು ಜೊತೆ ಬಟ್ಟೆ ಇಟ್ಟು, ಬದಲಿಸಿಕೊಂಡೇ ಮನೆಗೆ ಬರುತ್ತೇನೆ. ಮನೆಯಲ್ಲಿ ಹೇಳಿಲ್ಲ. ಆ ಹೊತ್ತಿಗೆ ಸುಮಿತ್ರಾ ಕಿಟಕಿಗೆ ಬಂದು ನಿಂತಿರುತ್ತಾಳಲ್ಲ. ಮೊನ್ನೆ ನಾಲ್ಕು ಏಟು ಹಾಕಿ ಶಾಂತಮ್ಮ ಕೈ ನಿಲ್ಲಿಸಿದರು.

"ಏನ್ರಿ ಮಾಸ್ತರ, ಧೂಳೇ ಬರವಲ್ದಲ್ರಿ?"

ಕಿಟಕಿಯ ಕಡೆ ನೋಡಿದೆ. ಅವಳು ಇನ್ನೂ ನಗುತ್ತಿದ್ದಳು.

"ಒಳಗ ಕುಂತದ್ರಿ," ಎಂದೆ. "ಇನ್ನೊಂದ್ನಾಕು ಹೊಡೀರಿ."