ಮಾತಿಲ್ಲದ ನಾಟಕಕ್ಕೆ ನಾನೇ ದುಭಾಷಿ

ನಂಬಲ್ಲ ಅನ್ನೋರು ಈಗಲೇ ಎದ್ದುಹೋಗಿ, ನನಗೇನೂ ಬೇಜಾರಿಲ್ಲ. ಮಾತೇ ಇಲ್ಲದ ನಾಟಕ ಆಡುವ ಕಲಾವಿದೆಗೆ ದುಭಾಷಿಯಾಗಿ ದುಡಿದ ಗಂಡಸು ಈ ಬೆಂಗಳೂರಲ್ಲಿ ನಾನೊಬ್ಬನೇ. ಇಂಥವೆಲ್ಲ ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೋ ಗೊತ್ತಿಲ್ಲ. ವಾರಕ್ಕೊಂದಾದರೂ ಬಂದೇ ಬರುತ್ತದೆ.

ಎನ್.ಆರ್. ಕಾಲೋನಿಯ ಸಣ್ಣ ರಂಗತಂಡವೊಂದರಲ್ಲಿ ನನಗೆ ಕೆಲಸ. ಹೊರಗಿನಿಂದ ಬರುವ ಕಲಾವಿದರನ್ನು ಶಾಲೆಗಳಿಗೆ ಕರೆದೊಯ್ದು ಕಾರ್ಯಾಗಾರ, ಪ್ರದರ್ಶನ ಮಾಡಿಸುವುದು. ಅರ್ಹತೆ ಏನು ಅಂತೀರಾ? ನಾಗಮಂಗಲದ ಹತ್ತಿರದ ನಮ್ಮೂರಲ್ಲಿ ಮೂರು ವರ್ಷ ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಮಾಡಿದವನು ನಾನು. ಮೈಕು ಕೆಟ್ಟ ವರ್ಷ ನನ್ನ ದನಿ ಪಕ್ಕದೂರಿಗೆ ಕೇಳಿ, ಅಲ್ಲಿಯವರು ಎದ್ದು ದನಗಳನ್ನು ಒಳಗೆ ಕಟ್ಟಿಕೊಂಡರಂತೆ.

ಈ ಸಲ ಬಂದವರು ಅಸ್ಸಾಂ ಕಡೆಯ ಕಲಾವಿದೆ. ವಯಸ್ಸು ಐವತ್ತು ದಾಟಿತ್ತು. ಆಡುವುದು ಹಿಂದಿಯಲ್ಲಿ ಎಣಿಸಿ ನಾಲ್ಕು ಮಾತು. ವಾರದ ಕೊನೆಗೆ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮಕ್ಕಳನ್ನಿಟ್ಟುಕೊಂಡು ನಾಟಕ ಮಾಡುವವರಿದ್ದರು. ದೊಡ್ಡವರಲ್ಲಿ ಒಬ್ಬರು ಮಾತ್ರ ಬೇಕು ಅಂದರು. ಆ ಒಬ್ಬ ನಾನಲ್ಲದೆ ಇನ್ಯಾರು? ನನಗೆ ಗದೆ ಹಿಡಿಯೋದು ಕಲಿಸಿದ ಸೋದರಮಾವನಿಗೆ ಅವತ್ತೇ ಫೋನು ಮಾಡಿದೆ. "ಮಾವ, ಬೆಂಗ್ಳೂರಲ್ಲಿ ಮೇನ್ ಪಾರ್ಟು ನಂದೇ. ಶನಿವಾರ ಬಂದ್ಬುಡು."

ಪಾರ್ಟು ಸಿಗುವುದೊಂದು ಬಾಕಿ ಇತ್ತು, ಅಷ್ಟೆ.

ಉಸಿರು

ಮೊದಲ ಕಾರ್ಯಾಗಾರ ಬಸವನಗುಡಿಯ ಶಾಲೆಯಲ್ಲಿ, ಏಳನೇ ಕ್ಲಾಸಿಗೆ. ಕಲಾವಿದೆ ಮೆಲ್ಲಗೆ ಎರಡೇ ಮಾತು ಹೇಳಿದರು: "ಕಣ್ಣು ಮುಚ್ಚಿ. ಉಸಿರು ಬಿಡಿ."

ಇಷ್ಟನ್ನೇ ಕನ್ನಡಕ್ಕೆ ತಂದರೆ ನನ್ನ ಮರ್ಯಾದೆ ಏನಾಗಬೇಕು? ಉಸಿರು ಅಂದ್ರೇನು, ನಮ್ಮೂರ ಪೈಲ್ವಾನರು ಉಸಿರು ಕಟ್ಟೋದು ಹೇಗೆ, ಕೆರೆಯಲ್ಲಿ ನಾನು ಮುಳುಗಿ ಎಷ್ಟು ಹೊತ್ತಿಗೆ ಎದ್ದೆ, ಎಲ್ಲ ಹೇಳಿದೆ. ಹೇಳಿ ಮುಗಿಸಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು.

"ಅಂಕಲ್, ಅವ್ರು ಹೇಳಿದ್ದು ಮುಗೀತಾ, ಇನ್ನೂ ಇದ್ಯಾ?"

ಅಷ್ಟರಲ್ಲಿ ಇಬ್ಬರಿಗೆ ನಿಜವಾಗಿಯೂ ನಿದ್ದೆ ಬಂದಿತ್ತು. ಒಬ್ಬರು ಪಿ.ಟಿ. ಮೇಷ್ಟ್ರು.

ಪೇಟ

ಮಲ್ಲೇಶ್ವರಂನ ಶಾಲೆಗೆ ನಾನು ಖಾದಿ ಜುಬ್ಬ ತೊಟ್ಟು, ಹೆಗಲಿಗೆ ಜೋಳಿಗೆ ಹಾಕಿ, ವಾರದ ಗಡ್ಡ ಬಿಟ್ಟುಕೊಂಡು ಹೋದೆ. ಕಲಾವಿದೆ ಸಾದಾ ಚೂಡಿದಾರದಲ್ಲಿ ಸಾಮಾನಿನ ಟ್ರಂಕು ಹಿಡಿದು ಹಿಂದೆ ಬರುತ್ತಿದ್ದರು. ಹೌದು, ಟ್ರಂಕು ನಾನೇ ಹಿಡಿಯಬೇಕಿತ್ತು. ಜುಬ್ಬ ಸುಕ್ಕಾಗುತ್ತಿತ್ತು.

ಗೇಟಿನಲ್ಲೇ ಬ್ಯಾಂಡು. ಮುಖ್ಯೋಪಾಧ್ಯಾಯಿನಿ ನನ್ನನ್ನು ವೇದಿಕೆಗೆ ಕರೆದೊಯ್ದು ಶಾಲು ಹೊದಿಸಿ, ಮೈಸೂರು ಪೇಟ ಇಟ್ಟೇಬಿಟ್ಟರು. ಕಲಾವಿದೆಯನ್ನು ಮಕ್ಕಳ ಹಿಂದೆ ಬೆಂಚಿನಲ್ಲಿ ಕೂರಿಸಿದರು. ಅಲ್ಲೇ "ಅಲ್ಲ ಮೇಡಂ, ಕಲಾವಿದೆ ಅವರು" ಅನ್ನಬೇಕಿತ್ತು. ಆದರೆ ಪೇಟ ತಲೆಗೆ ಸರಿಯಾಗಿ ಕೂತಿತ್ತು.

"ಈಗ ಕಲಾವಿದರು ತಮ್ಮ ಕಲೆ ಪ್ರದರ್ಶಿಸುತ್ತಾರೆ" ಅಂತ ಘೋಷಣೆಯಾಯಿತು. ಹಿಂದಿನ ಬೆಂಚಿನಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದ್ದು ಆ ನಿಜವಾದ ಕಲಾವಿದೆಯೇ. ನನಗೆ ಬರುತ್ತಿದ್ದುದು ಒಂದೇ. ಎದೆ ಉಬ್ಬಿಸಿ, "ಎಲವೆಲವೋ ಹುಲುಮಾನವರೇ!" ಅಂತ ಗರ್ಜಿಸಿದೆ. ಮುಂದೆ ಕೂತಿದ್ದ ಎಲ್‌ಕೆಜಿ ಪೂರ್ತಿ ಒಂದೇ ಶ್ರುತಿಯಲ್ಲಿ ಅಳತೊಡಗಿತು. ಮೂವರು ಆಯಾಗಳು ಕಂಕುಳಿಗೆರಡರಂತೆ ಮಕ್ಕಳನ್ನು ಹೊರಗೆ ಸಾಗಿಸಿದರು.

ಮುಖ್ಯೋಪಾಧ್ಯಾಯಿನಿ ವಂದನಾರ್ಪಣೆಯಲ್ಲಿ ಹೇಳಿದರು: "ಇಷ್ಟು ಬೇಗ ಮಕ್ಕಳ ಮನಸ್ಸಿಗೆ ತಟ್ಟಿದ ಕಾರ್ಯಕ್ರಮ ನಮ್ಮಲ್ಲಿ ಇದೇ ಮೊದಲು."

ಬಂಡೆ

ಶುಕ್ರವಾರ ಚಾಮರಾಜಪೇಟೆಯಲ್ಲಿ ಪಾತ್ರ ಹಂಚಿಕೆ. ಕಲಾವಿದೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ರಾಜನೋ ಸೇನಾಪತಿಯೋ ಎಂದು ನಾನು ಕಾದೆ. ಟ್ರಂಕಿನಿಂದ ಬೂದು ಕಂಬಳಿ ತೆಗೆದು ಕೊಟ್ಟರು.

ಕಥೆ ಇಷ್ಟು: ಮಕ್ಕಳು ಹೊಳೆ ದಾಟುತ್ತಾರೆ, ಹೊಳೆ ಮಧ್ಯೆ ಒಂದು ಬಂಡೆ. ಬಂಡೆ ನಾನು.

"ಬಂಡೆ ಯಾವಾಗ ಮಾತಾಡುತ್ತೆ?" ಅಂತ ಕೇಳಿದೆ. ಕಲಾವಿದೆ ನಕ್ಕರು. ಉತ್ತರ ಕೊಟ್ಟಿದ್ದು ಐದನೇ ಕ್ಲಾಸಿನ ಪುಟಾಣಿ: "ನೀವು ಅಲ್ಲಾಡಬೇಡಿ ಅಂಕಲ್, ಅಷ್ಟು ಸಾಕು."

ಮಾವನಿಗೆ ಬರಬೇಡ ಅನ್ನೋಣವೆಂದು ಫೋನು ಮಾಡಿದರೆ ಅವನಾಗಲೇ ಬಸ್ಸಿನಲ್ಲಿದ್ದ. "ಊರಿಗೆಲ್ಲ ಹೇಳ್ಬುಟ್ಟಿವ್ನಿ ಕಣ್ಲಾ!" ಅಂದ.

ಹಾರ

ನಮ್ಮ ಕಡೆ ನಾಟಕ ನಡೆಯುತ್ತಿರುವಾಗಲೇ ನೆಂಟರು ರಂಗ ಹತ್ತಿ ಹಾರ ಹಾಕುವುದು ಪದ್ಧತಿ. ಯುದ್ಧದಲ್ಲಿ ಸತ್ತುಬಿದ್ದ ರಾಜನೂ ಎದ್ದು ಹಾರ ಹಾಕಿಸಿಕೊಂಡು, ಕೈ ಮುಗಿದು, ಮತ್ತೆ ಸಾಯಬೇಕು. ಇಲ್ಲದಿದ್ದರೆ ನೆಂಟಸ್ತನ ಕೆಡುತ್ತದೆ.

ಶನಿವಾರ ಮಾವ ಮೊದಲ ಸಾಲಿನಲ್ಲೇ ಕೂತ. ಕೈಯಲ್ಲಿ ಮಾರ್ಕೆಟ್ಟಿನಿಂದ ತಂದ ಸುಗಂಧರಾಜದ ಹಾರ, ಕುದುರೆಗೆ ಹಾಕುವಷ್ಟು ಉದ್ದ. ನಾಟಕ ಶುರುವಾಯಿತು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ನೀಲಿ ಸೀರೆಯ ಹೊಳೆ ನಡುವೆ ನಾನು ಮುದುಡಿ ಕೂತಿದ್ದೆ. ಬೆನ್ನ ಮೇಲೆ ಇಬ್ಬರು ಹುಡುಗರು ದಣಿವಾರಿಸಿಕೊಳ್ಳುತ್ತಿದ್ದರು. ಮಾವ ರಂಗದ ತುಂಬ ನನ್ನನ್ನು ಹುಡುಕುತ್ತಿದ್ದುದು ಕಂಬಳಿಯ ತೂತಿನಿಂದ ಕಾಣುತ್ತಿತ್ತು. ಕೊನೆಗೆ ಹೊರಗೆ ಇಣುಕುತ್ತಿದ್ದ ನನ್ನ ಹೆಬ್ಬೆರಳಿನ ಗುರುತು ಹಿಡಿದ.

ಎದ್ದ. ಚಪ್ಪಲಿ ಬಿಟ್ಟ. ಹೊಳೆಗೆ ಇಳಿದು ಬಂದು ಬಂಡೆಗೆ ಹಾರ ಹಾಕಿದ.

ನಾನು ಅಲ್ಲಾಡಬಾರದಿತ್ತು. ಆದರೆ ಮೂರು ವರ್ಷದ ಅಭ್ಯಾಸ! ಎದ್ದು ನಿಂತು ಸಭೆಗೆ ಕೈ ಮುಗಿದೆ. ಬೆನ್ನ ಮೇಲಿದ್ದ ಹುಡುಗರಿಬ್ಬರೂ ದಬದಬ ಹೊಳೆಗೆ ಉರುಳಿದರು. "ಮಿಸ್, ಬಂಡೆ ಎದ್ಬಿಡ್ತು!" ಅಂತ ಒಂದು ಮಗು ಕಿರುಚಿತು. ಇಡೀ ಸಭಾಂಗಣ ಬಿದ್ದುಬಿದ್ದು ನಕ್ಕಿತು. ರಂಗದಂಚಿನಲ್ಲಿ ಕಲಾವಿದೆ ಹೊಟ್ಟೆ ಹಿಡಿದು ಕೂತಿದ್ದರು. ಒಂದು ವಾರದಲ್ಲಿ ಅವರ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

ಹೊರಗೆ ಬಂದಮೇಲೆ ಮಾವನನ್ನು ಬೈದೆ. "ಬಂಡೆಗೆ ಯಾರಾದ್ರೂ ಹಾರ ಹಾಕ್ತಾರಾ ಮಾವ?"

"ಬಂಡೆಗಲ್ಲ ಕಣ್ಲಾ ಹಾಕಿದ್ದು," ಅಂದ ಮಾವ. "ನೀನು ಕಾಲ್ಗಂಟೆ ಬಾಯಿ ಮುಚ್ಕಂಡಿದ್ದು ಹುಟ್ಟಿದ್ಮೇಲೆ ಇವತ್ತೇ. ಅದಕ್ಕೆ."

ಸೋಮವಾರ ಅದೇ ಶಾಲೆಯಲ್ಲಿ ಎರಡನೇ ಪ್ರದರ್ಶನ. ಕಲಾವಿದೆ ಬಂಡೆಯ ಪಾತ್ರವನ್ನು ಪಿ.ಯು. ಹುಡುಗನೊಬ್ಬನಿಗೆ ಕೊಟ್ಟರು. ನನಗೆ ಹಾರ ಹಿಡಿದು ಬಂದವರನ್ನು ಒಳಗೆ ಬಿಡದಂತೆ ಸಭಾಂಗಣದ ಬಾಗಿಲು ಕಾಯುವ ಕೆಲಸ ಕೊಟ್ಟರು.