ಅಧ್ಯಕ್ಷರ ಬಾಯಿಂದ ಒಂದು ‘ಆ’

ಹೆಂಡತಿ: ಒಂದೇ ಒಂದು ‘ಆ’ ಅಂದರೆ ನಿಮ್ಮ ಗಂಟೇನು ಹೋಗುತ್ತೆ ರೀ?

ವಿದ್ಯಾರ್ಥಿನಿ: ಗಂಟು ಆಗಲೇ ಹೋಗಿದೆ ಅಮ್ಮ! ಡಾಕ್ಟರು ಬೆಳಕು ಬಿಟ್ಟು ನೋಡಿದ್ದಾರೆ. ಗಂಟಲಲ್ಲಿದ್ದ ಗಂಟು ಪೂರ್ತಿ ಕರಗಿದೆಯಂತೆ. ಸರ್, ಈಗ ನೀವು ಮಾತಾಡಬಹುದು. ಮಾತಾಡಲೇಬೇಕು.

(ಗಂಡ ಚಮಚದಿಂದ ಊಟದ ಮೇಜನ್ನು ಎರಡು ಸಲ ಕುಟ್ಟಿದರು. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ.)

ತರಕಾರಿ ಮಂಡಿಯಲ್ಲಿ ವರ್ಷಾನುಗಟ್ಟಲೆ ಹರಾಜು ಕೂಗಿ ಗಂಟಲು ಕೆಡಿಸಿಕೊಂಡವರು ಅವರು. ಎಲ್ಲರ ಬಾಯಲ್ಲೂ ‘ಹರಾಜಿನವರು.’ ಸ್ಪೀಚ್ ಥೆರಪಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದ ಈ ಹುಡುಗಿಯ ಪಾಲಿಗೆ ಬಂದ ಮೊದಲ ರೋಗಿ. ‘ಒಂದು ವಾರ ಪೂರ್ತಿ ಮೌನ, ಪಿಸುಮಾತೂ ಕೂಡದು’ ಎಂದು ಹೇಳಿದ್ದವಳು ಅವಳೇ. ವಾರ ಹೋಗಿ ತಿಂಗಳಾಗಿತ್ತು. ಹರಾಜಿನವರು ಬಾಯಿ ಬಿಟ್ಟಿರಲಿಲ್ಲ. ನಾಳೆ ಬೆಳಗ್ಗೆ ಅವಳಿಗೆ ಪ್ರಾಯೋಗಿಕ ಪರೀಕ್ಷೆ. ಚಿಕಿತ್ಸೆಗೆ ಮುಂಚಿನ ದನಿ, ತಗಡಿನ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಂತಿದ್ದದ್ದು, ಅವಳ ಮೊಬೈಲಿನಲ್ಲಿತ್ತು. ಚಿಕಿತ್ಸೆಯ ನಂತರದ ದನಿ ಇನ್ನೂ ಅವರ ಗಂಟಲಲ್ಲೇ ಇತ್ತು.

ವಿದ್ಯಾರ್ಥಿನಿ: ನೀವು ‘ಆ’ ಅನ್ನದೇ ಇದ್ದರೆ ನಾನು ಪರೀಕ್ಷೇಲಿ ಏನು ಕೇಳಿಸಲಿ ಸರ್? ಈ ಚಮಚದ ಸದ್ದನ್ನಾ?

(ಒಂದು ಕುಟ್ಟು.)

ಹೆಂಡತಿ: ನೋಡಿದೆಯಾ ಕೊಬ್ಬು? ಎಲ್ಲಾ ಆ ಅಧ್ಯಕ್ಷಗಿರಿ ಬಂದಾಗಿನಿಂದ.

ವಿದ್ಯಾರ್ಥಿನಿ: ಯಾವ ಅಧ್ಯಕ್ಷಗಿರಿ?

ಹೆಂಡತಿ: ನಿನಗೆ ಗೊತ್ತಿಲ್ವಾ? ಮೌನದ ವಾರದಲ್ಲೇ ನಮ್ಮ ಕಟ್ಟಡದವರ ಮೀಟಿಂಗ್ ಇತ್ತು. ಕೆಳಗಿನ ಮನೆಯವರು ಒಂದು ಕಡೆ, ಮೇಲಿನ ಮನೆಯವರು ಇನ್ನೊಂದು ಕಡೆ, ಕುರ್ಚಿ ಎತ್ತೋದೊಂದು ಬಾಕಿ. ಇವರು ಮಾತ್ರ ತುಟಿ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ‘ಎಂಥ ಗಂಭೀರ ಮನುಷ್ಯ, ಯಾರ ಪಕ್ಷಾನೂ ವಹಿಸಲ್ಲ’ ಅಂತ ಎರಡೂ ಕಡೆಯವರು ಸೇರಿ ಇವರನ್ನೇ ಆರಿಸಿಬಿಟ್ಟರು.

ವಿದ್ಯಾರ್ಥಿನಿ: ಅಯ್ಯೋ, ಅದು ನಾನು ಕೊಟ್ಟ ಚಿಕಿತ್ಸೆ!

ಹೆಂಡತಿ: ಈಗ ಮೆಟ್ಟಿಲ ಮೇಲೆ ಎದುರಾದವರೆಲ್ಲ ಕೈ ಮುಗೀತಾರೆ. ಮೊನ್ನೆ ಯಾರೋ ಬಂದು, ಮಗಳನ್ನ ಯಾವ ಕಾಲೇಜಿಗೆ ಸೇರಿಸಲಿ ಅಂತ ಕೇಳಿದರು. ಇವರು ಕಿವಿ ಕೆರೆದುಕೊಂಡರು. ಆ ಮನುಷ್ಯ ‘ಅರ್ಥವಾಯ್ತು ಸ್ವಾಮಿ’ ಅಂತ ಕಣ್ಣೊರೆಸಿಕೊಂಡು ಹೋದ.

ವಿದ್ಯಾರ್ಥಿನಿ: ನಿಮಗಾದರೂ ನೆಮ್ಮದಿ ಇರಬೇಕಲ್ಲಮ್ಮ, ಮನೇಲಿ ಜಗಳ ಇಲ್ಲ.

ಹೆಂಡತಿ: ಜಗಳ ಇಲ್ಲ ಅಂತ ಯಾರು ಹೇಳಿದ್ದು? ನಾನೇ ಬೈದು, ಇವರ ಪರವಾಗಿ ನಾನೇ ಉತ್ತರ ಕೊಟ್ಟು, ಎರಡೂ ಕಡೆ ನಾನೇ ದುಡೀತಿದೀನಿ. ನಿನ್ನೆ ಇವರ ಪರವಾಗಿ ಎಷ್ಟು ಚೆನ್ನಾಗಿ ಮಾತಾಡಿದೆ ಅಂದರೆ, ಕೊನೆಗೆ ಸೋತದ್ದು ನಾನೇ!

(ಹರಾಜಿನವರು ತಮ್ಮ ಗಂಟಲು ಮುಟ್ಟಿಕೊಂಡು, ಮೇಲಕ್ಕೆ ಬೆರಳು ತೋರಿಸಿ, ಗಾಳಿಯಲ್ಲಿ ಬೆರಳನ್ನು ಗಿರಗಿರ ತಿರುಗಿಸಿದರು.)

ವಿದ್ಯಾರ್ಥಿನಿ: ಸರ್, ಗಂಟಲ ನೋವು ಮೇಲಕ್ಕೆ ಹತ್ತಿ ತಲೆ ಸುತ್ತುತ್ತಿದೆಯಾ?

(ಎರಡು ಕುಟ್ಟು. ಮತ್ತೆ ಗಂಟಲು, ಮೇಲೆ, ಗಿರಗಿರ.)

ಹೆಂಡತಿ: ರೀ! ಅದೇನು ಮಾತು ಅಂತ ಆಡ್ತಿದೀರಿ? ಒಂದು ‘ಆ’ ಕೇಳಿದ್ದಕ್ಕೆ ನೇಣು ಹಾಕ್ಕೊಳ್ತೀರಾ?

(ಹರಾಜಿನವರು ಹಣೆ ಚಚ್ಚಿಕೊಂಡು ಎದ್ದು ಹೋಗಿ, ತಾವೇ ಫ್ಯಾನು ಆರಿಸಿ ಬಂದು ಕೂತರು.)

ಹೆಂಡತಿ: ಫ್ಯಾನಾ! ಗಂಟಲು ಒಣಗುತ್ತೆ, ಫ್ಯಾನು ಆರಿಸು ಅಂತ ಬಾಯಲ್ಲಿ ಹೇಳೋಕೆ ಏನಾಗಿತ್ತು ರೋಗ?

ವಿದ್ಯಾರ್ಥಿನಿ: ಪರವಾಗಿಲ್ಲಮ್ಮ, ನನ್ನ ಹತ್ತಿರ ಬೇರೆ ಉಪಾಯ ಇದೆ. ಆಕಳಿಕೆ! ಆಕಳಿಸುವಾಗ ಗಂಟಲು ತಾನಾಗೇ ತೆರೆದುಕೊಂಡು ದನಿ ಸಲೀಸಾಗಿ ಜಾರಿ ಬರುತ್ತೆ. ನಮ್ಮ ಮೇಡಂ ಹೇಳಿಕೊಟ್ಟಿದ್ದು. ಸರ್, ನನ್ನನ್ನೇ ನೋಡಿ. ಆಆಆ…

(ಅವಳು ಬಾಯಿ ಅಗಲಿಸಿ ಆಕಳಿಸಿದಳು. ಅವರು ಸುಮ್ಮನೆ ನೋಡಿದರು. ಅವಳು ಮತ್ತೆ ಆಕಳಿಸಿದಳು.)

ಹೆಂಡತಿ: ಆಆಆಹ್… ಅಯ್ಯೋ, ನನಗೇ ಬಂತಲ್ಲಮ್ಮ.

ವಿದ್ಯಾರ್ಥಿನಿ: ನೀವು ಆಕಳಿಸಬೇಡಿ ಅಮ್ಮ, ಮೊಬೈಲಿನಲ್ಲಿ ನಿಮ್ಮ ದನಿ ಸೇರುತ್ತೆ! ಸರ್, ಇನ್ನೊಂದು ಸಲ. ಆಆಆ… ಬಂತು, ಬಂತು! ಸರ್‌ಗೆ ಆಕಳಿಕೆ ಬಂತು!

(ಹರಾಜಿನವರ ಬಾಯಿ ನಿಜಕ್ಕೂ ತೆರೆಯಿತು. ಬಲಗಡೆಯ ಕೊನೆಯ ಹಲ್ಲಿನವರೆಗೂ ಕಾಣಿಸಿತು. ಸದ್ದು ಮಾತ್ರ ಬರಲಿಲ್ಲ. ಬಾಯಿ ಮುಚ್ಚಿ, ಕಣ್ಣೀರು ಒರೆಸಿಕೊಂಡು, ಚಮಚ ಕೈಗೆತ್ತಿಕೊಂಡರು.)

ಹೆಂಡತಿ: ನಿನ್ನ ವಿದ್ಯೆ ಸಾಕು, ನನ್ನದು ನೋಡು. ರೀ, ನಿಮ್ಮ ಸ್ಕೂಟರ್ ಮಾರಿಬಿಟ್ಟೆ.

(ಹರಾಜಿನವರು ಜೇಬಿನಿಂದ ಸ್ಕೂಟರಿನ ಕೀ ತೆಗೆದು ಝಲ್ ಎನ್ನಿಸಿದರು.)

ಹೆಂಡತಿ: ನಿಮ್ಮ ಅಕ್ಕ ನಾಳೆ ಬರ್ತಾರಂತೆ. ಎರಡು ತಿಂಗಳು ಇರ್ತಾರಂತೆ.

(ಮುಖ ಕೊಂಚ ಬಿಳಿಚಿತು. ಬಾಯಿ ಬಿಡಲಿಲ್ಲ.)

ವಿದ್ಯಾರ್ಥಿನಿ: ಸರ್, ದಮ್ಮಯ್ಯ! ಇವತ್ತು ನಿಮ್ಮ ದನಿ ಸಿಗದೇ ಇದ್ದರೆ ನಾನು ಇನ್ನೊಬ್ಬ ರೋಗೀನ ಹುಡುಕಿ, ಮೊದಲಿಂದ ಶುರು ಮಾಡಬೇಕು. ನನ್ನ ಜೊತೆಯವರೆಲ್ಲ ಕೆಲಸಕ್ಕೆ ಸೇರ್ತಾರೆ, ನಾನು ಅಲ್ಲೇ ಕೂತು ‘ಆ’ ಅನ್ನಿ, ‘ಆ’ ಅನ್ನಿ ಅಂತ… ಆ… ಆಅ…

ಹೆಂಡತಿ: ಯಾಕಮ್ಮ, ದನಿ ಒಡೆದು ಹೋಗ್ತಿದೆಯಲ್ಲ! ನೀರು ಕುಡಿ.

(ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕಟ್ಟಡದ ಸಂಘದ ಕಾರ್ಯದರ್ಶಿ ಚಪ್ಪಲಿ ಬಿಟ್ಟು, ಬಾಗಿಲಲ್ಲೇ ಬಗ್ಗಿ ಕೈ ಮುಗಿದರು. ಅವರ ಹಿಂದೆ ಮೆಟ್ಟಿಲ ಮೇಲೆ ಭಾರ ಹೊತ್ತು ತರುವವರ ‘ಐಸಾ, ಐಸಾ’ ಎಂಬ ಸದ್ದು.)

ಕಾರ್ಯದರ್ಶಿ: ಅಧ್ಯಕ್ಷರಿಗೆ ನಮಸ್ಕಾರ. ಬಾಗಿಲಿನ ಒಂದು ಕದ ಕಳಚಬೇಕಾಗಬಹುದು. ಸ್ವಲ್ಪ ದಪ್ಪ ಇದೆ.

ಹೆಂಡತಿ: ಏನು ದಪ್ಪ ಇದೆ?

ಕಾರ್ಯದರ್ಶಿ: ಜನರೇಟರ್ ಮೇಡಂ. ಕಟ್ಟಡಕ್ಕೆ ಹೊಸದು. ಎಲ್ಲಿಟ್ಟರೂ ಸದ್ದು ಅಂತ ಎಲ್ಲರ ತಕರಾರು. ಅದಕ್ಕೇ ಮೊನ್ನೆ ಸಭೆಯಲ್ಲಿ ತೀರ್ಮಾನ ಮಾಡಿದೆವು, ಅಧ್ಯಕ್ಷರ ಬಾಲ್ಕನಿಯಲ್ಲಿ ಇಡೋದು ಅಂತ. ಈ ಮನೆಯ ಮೌನಕ್ಕೂ ಅದರ ಸದ್ದಿಗೂ ಸರಿಹೋಗುತ್ತೆ ನೋಡಿ.

ಹೆಂಡತಿ: ಇವರು ಒಪ್ಪಿದರಾ?

ಕಾರ್ಯದರ್ಶಿ: ಆಕ್ಷೇಪಣೆ ಇದ್ದರೆ ಹೇಳಿ ಅಂತ ಒಂದು ಸಲ ಕೇಳಿದೆ, ಎರಡು ಸಲ ಕೇಳಿದೆ, ಮೂರು ಸಲ ಕೇಳಿದೆ. ಅಧ್ಯಕ್ಷರು ಕಣ್ಣು ಮುಚ್ಚಿ, ಧ್ಯಾನದಲ್ಲಿದ್ದ ಹಾಗೆ ತಲೆದೂಗಿದರು.

ಹೆಂಡತಿ: ಅದು ಧ್ಯಾನ ಅಲ್ಲ ಸ್ವಾಮಿ, ತೂಕಡಿಕೆ!

(ಬಾಗಿಲಲ್ಲಿ ಹಸಿರು ಬಣ್ಣದ ಕಬ್ಬಿಣದ ಮೂತಿಯೊಂದು ಕಾಣಿಸಿಕೊಂಡಿತು. ಹರಾಜಿನವರ ಕೈಯಿಂದ ಚಮಚ ಜಾರಿತು.)

ಹರಾಜಿನವರು: ಆಆಆಆಆಆ…

ವಿದ್ಯಾರ್ಥಿನಿ (ಕೀರಲು ದನಿಯಲ್ಲಿ): ಸರ್! ನಿಲ್ಲಿಸಬೇಡಿ! ಯಾರೂ ಮಾತಾಡಬೇಡಿ!

ಹರಾಜಿನವರು: …ಆಆಆಆಆಆಆಆ…

(ಅವಳು ಮೊಬೈಲನ್ನು ಅವರ ಬಾಯಿಯ ಹತ್ತಿರ ಹಿಡಿದಳು. ಹೊರೆ ಹೊತ್ತವರು ಹೊತ್ತಲ್ಲೇ ನಿಂತರು. ದನಿ ಎಲ್ಲೂ ಒಡೆಯಲಿಲ್ಲ, ಬಿಗಿಯಲಿಲ್ಲ. ಎಣ್ಣೆಯ ಧಾರೆಯಂತೆ ಸಾಗಿ, ಉಸಿರು ಮುಗಿದಾಗ ನಿಂತಿತು.)

ಹೆಂಡತಿ: ರೀ… ಎಷ್ಟು ನುಣುಪಾಗಿದೆ ರೀ! ಮದುವೆ ಹೊಸದರಲ್ಲಿ ಹೀಗೇ ಇತ್ತಲ್ವಾ?

ಹರಾಜಿನವರು (ಗಂಟಲು ಮುಟ್ಟಿ ನೋಡಿಕೊಂಡು): ಇದು… ನಂದೇನೇ?

ಹೆಂಡತಿ: ಮತ್ತೆ ಇಷ್ಟು ದಿನ ಯಾಕೆ ಮುಚ್ಚಿಟ್ಟುಕೊಂಡಿದ್ದಿರಿ?

ಹರಾಜಿನವರು: ಹೆದರಿಕೆ ಕಣೇ. ಬಾಯಿ ಬಿಟ್ಟ ಮೇಲೆ ಆ ಹಳೇ ತಗಡೇ ಬಂದುಬಿಟ್ಟರೆ? ಬಾಯಿ ಬಿಡದೇ ಇದ್ದಷ್ಟು ದಿನ ಗುಣ ಆಗಿದೆ ಅಂತಾದರೂ ಅಂದುಕೊಂಡಿರಬಹುದಲ್ಲ. ಅಕ್ಕ ಬರ್ತಾಳೆ ಅಂದಿದ್ದು ನಿಜಾನಾ?

ಹೆಂಡತಿ: ಸುಳ್ಳು.

ಹರಾಜಿನವರು: ಹಾಗಾದರೆ ಸರಿ. ಏನ್ರೀ ಕಾರ್ಯದರ್ಶಿಗಳೇ! ಯಾರನ್ನ ಕೇಳಿ ತಂದಿರಿ ಇದನ್ನ? ನನ್ನ ಬಾಲ್ಕನಿ ಏನು ಮಂಡಿಯ ಗೋದಾಮಾ? ಇಳಿಸಿ ಕೆಳಗೆ!

(ಕಾರ್ಯದರ್ಶಿ ಗೋಡೆ ಹಿಡಿದುಕೊಂಡರು.)

ಕಾರ್ಯದರ್ಶಿ: ಅಧ್ಯಕ್ಷರು… ಮಾತಾಡ್ತಾರಾ?

ಹೆಂಡತಿ: ಇನ್ನು ನಿಲ್ಲಿಸೋಕಾಗಲ್ಲ.

ಕಾರ್ಯದರ್ಶಿ: ಮೋಸ ಇದು! ಮಾತಾಡೋರು ಬೇಕಾಗಿದ್ದರೆ ನಮ್ಮಲ್ಲಿ ಬರ ಇತ್ತಾ? ನೀವು ರಾಜೀನಾಮೆ ಕೊಡಬೇಕಾಗುತ್ತೆ.

ಹರಾಜಿನವರು: ಕೊಟ್ಟೆ!

ಕಾರ್ಯದರ್ಶಿ: ಯೋಚನೆ ಮಾಡಿ ಸ್ವಾಮಿ. ತೀರ್ಮಾನದಲ್ಲಿ ಬರೆದಿರೋದು ‘ಅಧ್ಯಕ್ಷರ ಬಾಲ್ಕನಿ’ ಅಂತ. ಅಧ್ಯಕ್ಷರೇ ಇಲ್ಲ ಅಂದರೆ ಇದನ್ನ ಎಲ್ಲಿ ಇಡಲಿ?

ಹರಾಜಿನವರು: ಹೊಸ ಅಧ್ಯಕ್ಷರು ಸಿಗೋವರೆಗೂ ನಿಮ್ಮ ತಲೆ ಮೇಲೆ ಇಟ್ಟುಕೊಳ್ಳಿ!

ಹೆಂಡತಿ: ಮೊದಲನೇ ದಿನಾನೇ ಇಷ್ಟು ಕೂಗಬೇಡಿ ರೀ!

ಹರಾಜಿನವರು: ನೀನು ಸುಮ್ಮನಿರು! ತಿಂಗಳಿಡೀ ನನ್ನ ಪರವಾಗಿ ಮಾತಾಡಿದೀಯ, ಅದರಲ್ಲಿ ಅರ್ಧ ನಾನು ಹೇಳೋ ಮಾತೇ ಅಲ್ಲ!

ಹೆಂಡತಿ (ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ): ಬನ್ನಿ ಒಳಗೆ. ಒಂದೊಂದನ್ನೂ ಇತ್ಯರ್ಥ ಮಾಡೋಣ.

(ಇಬ್ಬರೂ ಸಡಗರದಿಂದ ಅಡುಗೆಮನೆಗೆ ನಡೆದರು. ಒಳಗಿನಿಂದ ಎರಡು ದನಿಗಳೂ ಒಟ್ಟಿಗೆ ಏರತೊಡಗಿದವು. ವಿದ್ಯಾರ್ಥಿನಿ ಮೊಬೈಲನ್ನು ಎದೆಗವಚಿಕೊಂಡು, ‘ಬರ್ತೀನಿ ಅಮ್ಮ’ ಎನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಗಂಟಲು ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದಳು. ಮತ್ತೆ ಗಾಳಿ.)

ಕಾರ್ಯದರ್ಶಿ (ಅವಳನ್ನೇ ದಿಟ್ಟಿಸಿ): ಅವರು ರಾಜೀನಾಮೆ ಕೊಟ್ಟಾಗಿನಿಂದ ನೋಡ್ತಿದೀನಿ. ಒಳಗೆ ಇಷ್ಟು ಗಲಾಟೆ, ನೀವು ಒಂದು ಮಾತೂ ಆಡ್ತಿಲ್ಲ.

(ಅವಳು ಗಂಟಲನ್ನು ತೋರಿಸಿ, ಎರಡೂ ಕೈಯನ್ನು ಜೋರಾಗಿ ಅಲ್ಲಾಡಿಸಿದಳು.)

ಕಾರ್ಯದರ್ಶಿ: ಹೊಗಳಿದರೆ ಬೇಡ ಬೇಡ ಅಂತೀರಿ. ಎಂಥ ವಿನಯ!

(ಅವಳು ಗಾಬರಿಯಿಂದ ಬಾಗಿಲ ಕಡೆ ಹೊರಟಳು. ಜನರೇಟರ್ ಅಡ್ಡ ಇತ್ತು.)

ಕಾರ್ಯದರ್ಶಿ: ಎದುರು ಮನೆ ಖಾಲಿ ಇದೆ ತಾಯಿ. ಬಾಡಿಗೆ ವಿಷಯದಲ್ಲಿ ನಿಮ್ಮ ಮಾತೇ ಕೊನೆ. ಬಾಲ್ಕನಿಯಂತೂ ಇದಕ್ಕಿಂತ ದೊಡ್ಡದು!