ಮಾವನವರ ಕೌಂಟರು

ಟೈಲ್ಸ್ ಅಂಗಡಿಯ ಮ್ಯಾನೇಜರಿಗೆ ತಮ್ಮ ಸ್ವಂತ ಮನೆಯ ಮೇಲೆ ಇದ್ದಕ್ಕಿದ್ದ ಹಾಗೆ ಬೇಸರ ಬಂದದ್ದು ಒಂದು ಮಂಗಳವಾರ. ಅದಕ್ಕೆ ಕಾರಣ ಒಬ್ಬ ಬಿಲ್ಡರು. ತಮ್ಮ ಹೊಸ ಮನೆಯ ನೆಲದಲ್ಲಿ ನಾಲ್ಕು ಟೈಲ್ಸು ಟೊಳ್ಳು ಸದ್ದು ಮಾಡುತ್ತಿವೆ ಎಂದು ಅವರು ದೂರು ಕೊಟ್ಟಿದ್ದರು. ಮ್ಯಾನೇಜರು ಹೋಗಿ ಮಂಡಿಯೂರಿ, ನಾಣ್ಯದಿಂದ ಟಕಟಕ ಬಡಿಯುತ್ತಾ ಹಾಲಿನ ಉದ್ದಕ್ಕೂ ತೆವಳಿದರು. ಕೊನೆಗೆ ತಲೆಯೆತ್ತಿ ನೋಡಿದರೆ ಎದುರಿಗೊಂದು ಬಾರು. ಕರಿಕಲ್ಲಿನ ಕೌಂಟರು, ಹಿಂದೆ ಕನ್ನಡಿ, ಕನ್ನಡಿಯ ಮುಂದೆ ಬಾಟಲಿಗಳ ಸಾಲು, ಮೇಲಿಂದ ಇಳಿಬಿಟ್ಟ ಮೂರು ಹಳದಿ ದೀಪ. ಮಂಡಿಯೂರಿಕೊಂಡೇ ಇದ್ದದ್ದರಿಂದ ಅದು ಸಾಕ್ಷಾತ್ ದರ್ಶನದ ಹಾಗೇ ಆಯಿತು.

ಮನೆಗೆ ಬಂದು ತಮ್ಮ ಹಾಲನ್ನು ನೋಡಿದರು. ಹದಿನೆಂಟು ವರ್ಷ ಊರಿನವರ ಮನೆಗೆಲ್ಲ ನೆಲ ಆರಿಸಿಕೊಟ್ಟವರ ಮನೆಯಲ್ಲಿ ಅಂಗಡಿಯ ಉಳಿಕೆ ಮಾಲೇ ಹಾಸಿಕೊಂಡಿತ್ತು. ಹಾಲಿಗೆ ಮೂರು ಬಣ್ಣ. ಬಚ್ಚಲಿನ ಗೋಡೆಗೆ ಮೀನಿನ ಚಿತ್ರದ ಟೈಲ್ಸು. (ಸ್ಟಾಕು ಅರ್ಧಕ್ಕೇ ಮುಗಿದದ್ದರಿಂದ ಅಲ್ಲಿನ ಮೀನುಗಳಿಗೆ ಬಾಲ ಇರಲಿಲ್ಲ.)

"ಕೇಳೇ, ಪೈಪ್ ಸೋರುತ್ತೆ ಅಂತ ಅಡುಗೆಮನೆ ಹೇಗೂ ಒಡೆಸ್ತಾ ಇದೀವಿ," ಎಂದು ಹೆಂಡತಿಯ ಹತ್ತಿರ ಮಾತು ತೆಗೆದರು. "ಅದರ ಜೊತೇಲೇ ಹಾಲಿನ ಆ ಮೂಲೇಲಿ ಒಂದು ಬಾರ್ ಮಾಡಿಸಿಬಿಟ್ರೆ ಹೇಗೆ?"

ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ದಿನಕ್ಕೆ ಅರವತ್ತು ಜನಕ್ಕೆ ಸೂಜಿ ಚುಚ್ಚಿ ಅಭ್ಯಾಸವಾಗಿದ್ದರಿಂದ ಮನೆಯಲ್ಲೂ ಹೆಚ್ಚು ನೋಯಿಸದೆ ಚುಚ್ಚುತ್ತಿದ್ದರು.

"ಯಾರಿಗೆ?"

"ನಮಗೆ."

"ನಾನು ಕುಡಿಯಲ್ಲ, ಅಪ್ಪ ಕುಡಿಯಲ್ಲ. ನೀವು ವರ್ಷಕ್ಕೆ ಎರಡು ಸಲ ಕುಡೀತೀರಿ. ಎರಡು ಸಲಾನೂ ಅರ್ಧ ಗ್ಲಾಸಿಗೇ ಬಾಲ್ಯದ ಕಥೆ ಶುರು ಮಾಡ್ತೀರಿ."

"ಕುಡಿಯೋದು ಮುಖ್ಯ ಅಲ್ಲ ಕಣೇ, ಅಭಿರುಚಿ ಮುಖ್ಯ. ಮನೆಗೊಂದು ಕಳೆ ಬರುತ್ತೆ. ನಾಲ್ಕು ಜನ ಸ್ನೇಹಿತರು ಬಂದಾಗ..."

"ಆ ನಾಲ್ಕು ಜನರ ಲಿವರ್ ರಿಪೋರ್ಟ್ ತೆಗೆದವಳು ನಾನೇ. ನಿಮ್ಮ ಪೇಂಟ್ ಅಂಗಡಿಯವರಿಗೆ ಬಾರ್ ಬೇಡ, ಬಾರ್ಲಿ ನೀರು ಸಾಕು."

ಮ್ಯಾನೇಜರು ಕೊನೆಯ ಅಸ್ತ್ರ ತೆಗೆದರು. ಆ ಬಿಲ್ಡರು ನೂರಿಪ್ಪತ್ತು ಫ್ಲಾಟು ಕಟ್ಟಿಸುತ್ತಿದ್ದಾರೆ. ಟೈಲ್ಸು ಎಲ್ಲಿಂದ ತರಿಸುವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಒಂದು ಸಂಜೆ ಮನೆಗೆ ಕರೆದು, ಕೌಂಟರಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮೆಲ್ಲಗೆ ವಿಷಯ ಎತ್ತಿದರೆ ಆರ್ಡರು ಎಲ್ಲಿಗೆ ಹೋಗುತ್ತೆ?

ಹೆಂಡತಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಆಯ್ತು. ಆದ್ರೆ ಅಪ್ಪನ್ನ ಒಂದು ಮಾತು ಕೇಳಿ."

ಅಲ್ಲಿಗೆ ಮ್ಯಾನೇಜರ ಉತ್ಸಾಹ ಅರ್ಧ ಇಳಿಯಿತು. ಅತ್ತೆ ತೀರಿಕೊಂಡ ಮೇಲೆ ಮಾವ ಬಂದು ಇವರ ಜೊತೆಗಿದ್ದು ಎರಡು ವರ್ಷವಾಗಿತ್ತು. ಮೂವತ್ತೆಂಟು ವರ್ಷ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಊರಿನವರನ್ನೆಲ್ಲ ಮಾತಾಡಿಸಿದ್ದ ಮನುಷ್ಯ ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಬೆಳಿಗ್ಗೆ "ಹೊರಟ್ರಾ?" ಅನ್ನುವರು, ಮ್ಯಾನೇಜರು "ಹೊರಟೆ ಮಾವ" ಅನ್ನುವರು. ಸಂಜೆ "ಬಂದ್ರಾ?", "ಬಂದೆ ಮಾವ." ಎರಡು ವರ್ಷದ ಸಂಭಾಷಣೆಯನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದರೂ ಅರ್ಧ ಜಾಗ ಉಳಿಯುತ್ತಿತ್ತು. ಊಟ ಎರಡೇ ತುತ್ತಿಗೆ ಇಳಿದಿತ್ತು. "ಅಪ್ಪ ದಿನಾ ಒಂದಿಷ್ಟು ಕರಗ್ತಾ ಇದಾರೆ ರೀ," ಎಂದು ಹೆಂಡತಿ ಆಗಾಗ ಹೇಳುವಾಗ ಮ್ಯಾನೇಜರಿಗೂ ಏನು ಮಾಡಬೇಕೋ ತೋಚುತ್ತಿರಲಿಲ್ಲ.

ಅಂಥವರ ಮುಂದೆ ಬಾರ್ ಎಂಬ ಪದ ಬಾಯಿಂದ ಹೊರಡಲಿಲ್ಲ. "ಮಾವ, ಹಾಲಿನ ಮೂಲೇಲಿ ಒಂದು ಕೌಂಟರ್ ಮಾಡಿಸೋಣ ಅಂತಿದೀನಿ," ಅಂದರು.

ಮಾವ ಕಿಟಕಿಯಿಂದ ಮುಖ ತಿರುಗಿಸಿದರು.

"ಕೌಂಟರಾ?"

"ಹೌದು ಮಾವ."

"ಎತ್ತರ ಎಷ್ಟು?"

"ನಲವತ್ತೆರಡು ಇಂಚು ಅಂತ..."

"ಜಾಸ್ತಿಯಾಯ್ತು. ಮೂವತ್ತೆಂಟು ಮಾಡಿಸಿ. ಎದುರಿಗಿರೋನು ಮೊಣಕೈ ಊರಿದ್ರೆ ಅವನ ಮುಖ ನಮಗೆ ಕಾಣಬೇಕು. ಮುಖ ಕಾಣದಿದ್ರೆ ಅದು ಕೌಂಟರ್ ಅಲ್ಲ, ಗೋಡೆ."

ಎರಡು ವರ್ಷದಲ್ಲಿ ಅದೇ ಅವರ ಅತಿ ದೀರ್ಘ ಭಾಷಣ. ಮ್ಯಾನೇಜರು ಆ ಖುಷಿಯಲ್ಲಿ, ಕೌಂಟರಿನ ಮೇಲೆ ಏನು ನಡೆಯಲಿದೆ ಎಂಬ ವಿವರವನ್ನು ಮುಂದಕ್ಕೆ ಹಾಕಿಬಿಟ್ಟರು. ತಪ್ಪಾದದ್ದು ಅಲ್ಲೇ.

ಮೂರು ವಾರ ಕೆಲಸ ನಡೆಯಿತು. ಹಗಲು ಮ್ಯಾನೇಜರು ಅಂಗಡಿಯಲ್ಲಿ, ಹೆಂಡತಿ ಲ್ಯಾಬಿನಲ್ಲಿ. ಮನೆಯಲ್ಲಿ ಬಡಗಿ ಮತ್ತು ಮಾವ ಇಬ್ಬರೇ. ಒಂದು ಸಂಜೆ ಬಂದು ನೋಡಿದರೆ ಕೌಂಟರಿನ ಹಿಂದೆ, ಕನ್ನಡಿ ಬರಬೇಕಾದ ಜಾಗದಲ್ಲಿ, ಪುಟ್ಟಪುಟ್ಟ ಗೂಡುಗಳು ಎದ್ದಿದ್ದವು.

"ಇದೇನಪ್ಪಾ ಇಷ್ಟೊಂದು ಗೂಡು?"

"ನಲವತ್ತೆಂಟು ಸಾರ್. ಯಜಮಾನ್ರು ಹೇಳಿದ್ರು," ಅಂದ ಬಡಗಿ.

"ಇದರೊಳಗೆ ಬಾಟಲಿ ಹೋಗಲ್ವಲ್ಲ?"

"ಬಾಟಲಿ ವಿಷಯ ಯಾರೂ ಹೇಳಲಿಲ್ಲ ಸಾರ್."

ಮರುದಿನ ಕೌಂಟರಿನ ಬದಿಗೆ ಎತ್ತಿ ಇಳಿಸುವ ಹಲಗೆ ಬಂತು. ಅದಕ್ಕೆ ಚಿಲಕ, ಚಿಲಕ ಒಳಗಡೆಗೆ ಮಾತ್ರ. ಮ್ಯಾನೇಜರು ಇವತ್ತು ಹೇಳಿಯೇ ಬಿಡುತ್ತೇನೆಂದು ಬಾಯಿ ತೆರೆದರು. ಆದರೆ ಮಾವ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಟೇಪಿನ ಒಂದು ತುದಿ ಹಿಡಿದು, ಹಲಗೆಯ ಕೀಲು ಎಲ್ಲಿ ಕೂರಬೇಕೆಂದು ಬಡಗಿಯ ಜೊತೆ ಜೋರಾಗಿ ವಾದಿಸುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಆಕೆಯ ಕಣ್ಣು ಒದ್ದೆಯಾಗಿತ್ತು. ಮ್ಯಾನೇಜರು ತೆರೆದ ಬಾಯಿಯನ್ನು ಆಕಳಿಕೆಯಾಗಿ ಪರಿವರ್ತಿಸಿ ಮುಚ್ಚಿಕೊಂಡರು. ಬಾಟಲಿಗಳಿಗೆ ಕೌಂಟರಿನ ಕೆಳಗೆ, ಕಾಲಿನ ಹತ್ತಿರ, ಒಂದು ಶೆಲ್ಫು ಸಿಕ್ಕಿತು.

ಶನಿವಾರ ಸಂಜೆ ಆರಕ್ಕೆ ಬಿಲ್ಡರೂ ಪೇಂಟ್ ಅಂಗಡಿಯವರೂ ಬಂದರು. ಹಳದಿ ದೀಪ ಹತ್ತಿತು. ಕರಿಕಲ್ಲು ಮಿನುಗಿತು. ಮ್ಯಾನೇಜರು ಕೌಂಟರಿನ ಹಿಂದೆ ಹೋಗಲು ಹಲಗೆ ಎತ್ತಬೇಕು ಅನ್ನುವಷ್ಟರಲ್ಲಿ ಮಾವ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಂದರು. ಹಲಗೆ ಎತ್ತಿ ಒಳಗೆ ಹೋದರು, ಇಳಿಸಿದರು, ಚಿಲಕ ಹಾಕಿಕೊಂಡರು.

"ಏನಾಗಬೇಕು?" ಎಂದು ಬಂದವರನ್ನು ಕೇಳಿದರು.

ಅತಿಥಿಗಳಿಬ್ಬರೂ ಒಟ್ಟಿಗೆ ಬಾಯಿ ತೆರೆದರು.

"ಒಬ್ಬೊಬ್ಬರೇ. ಸಾಲಾಗಿ ಬನ್ನಿ."

ಬಿಲ್ಡರು ಗಟ್ಟಿಯಾಗಿ ನಕ್ಕರು. "ಒಳ್ಳೆ ಐಡಿಯಾ ಮಾಡಿದೀರಿ ಮ್ಯಾನೇಜರೇ. ನಮ್ಮನೇಲಿ ಈ ಥರ ಇಲ್ಲ," ಎಂದು ನಿಜವಾಗಿಯೂ ಸಾಲಿನಲ್ಲಿ ನಿಂತರು. ಮ್ಯಾನೇಜರು ಇದೆಲ್ಲ ತಾವೇ ಯೋಜಿಸಿದ್ದೆಂಬ ಮುಖ ಮಾಡಿಕೊಂಡರು.

ಮಗಳು ಲ್ಯಾಬಿನಿಂದ ತಂದುಕೊಟ್ಟಿದ್ದ ಹೊಸ ಅಳತೆ ಗಾಜಿನಲ್ಲಿ ಮಾವ ಅಳೆದರು. ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಹೆಚ್ಚಾದ ಎರಡು ಹನಿ ಬಾಟಲಿಗೆ ವಾಪಸು ಬಿಟ್ಟರು. ಅವರಿಗೆ ಅದು ಮದ್ಯವೆಂಬುದರ ಬಗ್ಗೆ ಯಾವ ತಕರಾರೂ ಇರಲಿಲ್ಲ. ಕೌಂಟರಿನ ಮೇಲೆ ದಾಟುವ ವಸ್ತುವಿನ ಒಳಗೆ ಏನಿದೆ ಎಂದು ಅವರು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ.

"ಇನ್ನೊಂದು ಚೂರು ಹಾಕಿ ಯಜಮಾನ್ರೇ," ಎಂದರು ಪೇಂಟ್ ಅಂಗಡಿಯವರು.

"ತೂಕ ಹೆಚ್ಚಾದ್ರೆ ವಾಪಸ್ ಬರುತ್ತೆ," ಎಂದರು ಮಾವ.

ಬಿಲ್ಡರು ಕೌಂಟರಿಗೆ ಮೊಣಕೈ ಊರಿದರು. "ತಾವು ಪೋಸ್ಟ್ ಆಫೀಸಿನಲ್ಲಿದ್ರಂತೆ?"

"ಹೌದು. ಬರೆಯೋಕೆ ಬಾರದವರಿಗೆ ಕಾಗದ ಬರೆದುಕೊಡ್ತಿದ್ದೋನೂ ನಾನೇ."

ಬಿಲ್ಡರು ಗ್ಲಾಸನ್ನು ಎರಡು ಸುತ್ತು ತಿರುಗಿಸಿದರು. ಆಮೇಲೆ, ಯಾರೂ ಕೇಳದಿದ್ದರೂ, ತಮಗೊಬ್ಬ ತಮ್ಮ ಇದ್ದಾನೆ, ಐದು ವರ್ಷದಿಂದ ಮಾತಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ ಎಂದರು. ಮಾವನಿಗೆ ಎದುರಿಗಿದ್ದವರ ಮುಖ ಮೂವತ್ತೆಂಟು ಇಂಚಿನ ಆಚೆಗೆ ಚೆನ್ನಾಗಿ ಕಾಣುತ್ತಿತ್ತು.

"ಫೋನ್ ಎತ್ತದೆ ಇರಬಹುದು," ಎಂದರು ಮಾವ. "ಕಾಗದ ಹಾಗಲ್ಲ. ಎಷ್ಟೇ ಕೋಪ ಇದ್ರೂ ಒಡೆದು ನೋಡ್ತಾನೆ." ಡ್ರಾಯರಿನಿಂದ ಒಂದು ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಹೇಳಿ, ಬರ್ಕೊತೀನಿ."

ಬಿಲ್ಡರು ಹೇಳತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ತಡೆಯಿಲ್ಲದೆ. ಗ್ಲಾಸಿನ ಐಸು ಕರಗಿ ನೀರಾಯಿತು. ಮ್ಯಾನೇಜರು ಸಮಯ ನೋಡಿ ಪಕ್ಕದಿಂದ ತಲೆ ತೂರಿಸಿದರು. "ಸಾರ್, ಆ ನೂರಿಪ್ಪತ್ತು ಫ್ಲಾಟಿನ ವಿಚಾರ..."

"ಅಳಿಯಂದಿರೇ," ಎಂದರು ಮಾವ ಬರೆಯುತ್ತಲೇ, "ಕೌಂಟರಿನಲ್ಲಿ ಜನ ಇದ್ದಾಗ ಪಕ್ಕದಿಂದ ಬರಬಾರದು. ಹಿಂದೆ ನಿಲ್ಲಿ."

ಮ್ಯಾನೇಜರು ಹಿಂದೆ ನಿಂತರು. ಬಿಲ್ಡರ ಕಾಗದ ಮುಗಿದ ಮೇಲೆ ಪೇಂಟ್ ಅಂಗಡಿಯವರಿಗೂ ಓದುಬಿಟ್ಟ ಮಗಳಿಗೆ ಒಂದು ಕಾಗದ ಬರೆಸುವ ಆಸೆ ಬಂತು. ಅದು ಮುಗಿಯುವಾಗ ಗಡಿಯಾರ ಎಂಟು ಹೊಡೆಯಿತು. ಮಾವ ಪೆನ್ನು ಮುಚ್ಚಿದರು, ದೀಪ ಆರಿಸಿದರು, "ಕೌಂಟರ್ ಮುಚ್ಚಿದೆ" ಎಂದು ಹೇಳಿ ಊಟಕ್ಕೆ ಎದ್ದರು. ಅತಿಥಿಗಳು ಮೊದಲು ಎಂಬ ಸೌಜನ್ಯದಿಂದ ಕಾದಿದ್ದ ಮನೆಯ ಯಜಮಾನರ ಗಂಟಲಿಗೆ ಒಂದು ಹನಿಯೂ ಇಳಿದಿರಲಿಲ್ಲ. ಮಾವ ಮಾತ್ರ ಅವತ್ತು ಎರಡು ಸಲ ಬಡಿಸಿಕೊಂಡರು.

ಹತ್ತು ದಿನದ ಮೇಲೆ ಬಿಲ್ಡರು ಮತ್ತೆ ಬಂದರು, ಜೊತೆಗೆ ಅವರ ಹಾಗೇ ಇದ್ದ, ಸ್ವಲ್ಪ ತೆಳ್ಳಗಿನ ಇನ್ನೊಬ್ಬರನ್ನು ಕರೆದುಕೊಂಡು. ಅಣ್ಣತಮ್ಮಂದಿರಿಬ್ಬರೂ ಮಾವನ ಕೈಹಿಡಿದು ಬಹಳ ಹೊತ್ತು ನಿಂತಿದ್ದರು. ಮ್ಯಾನೇಜರು ಇಬ್ಬರಿಗೂ ಕುರ್ಚಿ ಎಳೆದುಕೊಟ್ಟರು.

"ತಮ್ಮನಿಗೆ ಏನು ಕೆಲಸ ಸಾರ್?" ಎಂದು ಕೇಳಿದರು.

"ಅದೇ ಅಲ್ವೇ ನಮ್ಮ ಜಗಳದ ಮೂಲ," ಎಂದರು ಬಿಲ್ಡರು. "ಇವನದೂ ಟೈಲ್ಸ್ ಅಂಗಡಿ. ಆಗ ನಾನು ಇವನ ಹತ್ರ ಮಾಲು ತಗೊಳ್ಳಲಿಲ್ಲ ಅಂತ ಮುನಿಸಿಕೊಂಡ. ಈ ಸಲ ನೂರಿಪ್ಪತ್ತು ಫ್ಲಾಟಿಗೂ ಇವನದೇ ಟೈಲ್ಸು. ಎಲ್ಲಾ ನಿಮ್ಮ ಕೌಂಟರಿನ ಪುಣ್ಯ ಮ್ಯಾನೇಜರೇ."

(ಫ್ಲಾಟುಗಳ ಪೇಂಟಿನ ಆರ್ಡರು ಪೇಂಟ್ ಅಂಗಡಿಯವರಿಗೇ ಸಿಕ್ಕಿತು. ಅದನ್ನು ಅವರು ಖುದ್ದಾಗಿ ಬಂದು, ಸಾಲಿನಲ್ಲಿ ನಿಂತು ತಿಳಿಸಿದರು.)

ಸಾಲು ಅನ್ನುವುದು ಆಗ ನಿಜವಾಗಿಯೇ ಹುಟ್ಟಿಕೊಂಡಿತ್ತು. ಪೇಂಟ್ ಅಂಗಡಿಯವರು ಬೀದಿಗೆಲ್ಲ ಹೇಳಿದ್ದರು. ಪಿಂಚಣಿ ನಿಂತುಹೋದ ಅಜ್ಜಿ, ಹೆಂಡತಿಗೆ ಕ್ಷಮೆ ಕೇಳಬೇಕಾದ ಬಸ್ ಡ್ರೈವರು, ಬೀದಿ ದೀಪದ ಬಗ್ಗೆ ದೂರು ಕೊಡುವ ದರ್ಜಿ, ಹೀಗೆ ಸಂಜೆ ಐದರಿಂದ ಎಂಟರವರೆಗೆ ಏಳೆಂಟು ಜನ. ಎತ್ತರದ ಸ್ಟೂಲುಗಳು ವಯಸ್ಸಾದವರಿಗೆ ಹತ್ತಲಾಗುವುದಿಲ್ಲವೆಂದು ಬಾಲ್ಕನಿಗೆ ಹೋದವು. ನಲವತ್ತೆಂಟು ಗೂಡುಗಳಲ್ಲಿ ಬಂದ ಉತ್ತರ, ಬರಬೇಕಾದ ಉತ್ತರ, ಅರ್ಜಿ, ಮರು ಅರ್ಜಿ. ಹಾಳೆಯ ಕಟ್ಟುಗಳಿಗೆ ಜಾಗ ಬೇಕೆಂದು ಬಾಟಲಿಗಳು ಮೊದಲು ಚಪ್ಪಲಿ ಗೂಡಿಗೆ, ಅಲ್ಲಿಂದ ಮಂಚದ ಕೆಳಕ್ಕೆ ವರ್ಗವಾದವು.

"ನನ್ನ ಬಾರು ಕಣೇ," ಎಂದು ಮ್ಯಾನೇಜರು ಒಂದು ದಿನ ಹೆಂಡತಿಯ ಹತ್ತಿರ ದನಿ ಎತ್ತಿದರು.

"ನಿನ್ನೆ ಅಪ್ಪ ಆ ಅಜ್ಜಿ ಜೊತೆ ಜೋರಾಗಿ ನಗಾಡ್ತಿದ್ರು. ನಿಮಗೆ ಕೇಳಿಸ್ತಾ?"

ಕೇಳಿಸಿತ್ತು. ಈಗ ಮಾವ ಊಟದ ಹೊತ್ತಿನಲ್ಲಿ ಇವರನ್ನೂ ಮಾತಾಡಿಸುತ್ತಿದ್ದರು. ಅಂಗಡಿ ಹೇಗಿದೆ, ಮಂಡಿ ನೋವು ಹೇಗಿದೆ ಎಂದು ಕೇಳುತ್ತಿದ್ದರು. ಅದಾದ ಮೇಲೆ ಏನು ತಾನೇ ವಾದ ಮಾಡುವುದು? ಮ್ಯಾನೇಜರು ದನಿಯನ್ನು ಎತ್ತಿದಲ್ಲಿಂದ ಇಳಿಸಿದರು.

ಆದರೂ ಮನುಷ್ಯನಿಗೆ ಆಸೆ ಪೂರ್ತಿ ಸಾಯುವುದಿಲ್ಲ. ಬಾರು ಹೋಗಲಿ. ಹೊಸ ಅಡುಗೆಮನೆಯ ಕಪಾಟಿನಲ್ಲಿ ಒಂದೇ ಒಂದು ಅಡಿ ಜಾಗ ಸಿಕ್ಕರೆ, ಮಂಚದ ಕೆಳಗೆ ಧೂಳು ತಿನ್ನುತ್ತಿರುವ ಬಾಟಲಿಗಳಿಗೆ ಒಂದು ನೆಲೆಯಾಗುತ್ತದೆ. ಇದನ್ನು ಹೆಂಡತಿಗೆ ಬಾಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಯೋಚಿಸಿ ಯೋಚಿಸಿ ಒಂದು ಭಾನುವಾರ ಸಂಜೆ ತಮ್ಮ ಮನೆಯ ಹಾಲಿನಲ್ಲಿ, ಬಸ್ ಡ್ರೈವರ ಹಿಂದೆ, ಐದನೆಯವರಾಗಿ ನಿಂತರು. ಮುಕ್ಕಾಲು ಗಂಟೆಯ ಮೇಲೆ ಸರದಿ ಬಂತು.

"ಏನಾಗಬೇಕು?" ಎಂದರು ಮಾವ, ಕನ್ನಡಕದ ಮೇಲಿನಿಂದ ನೋಡುತ್ತಾ. ಗುರುತಿನ ನಗೆ ಇರಲಿಲ್ಲ. ಕೌಂಟರಿನಲ್ಲಿ ಎಲ್ಲರೂ ಒಂದೇ.

ಮ್ಯಾನೇಜರು ಮೆಲ್ಲಗೆ ವಿಷಯ ಹೇಳಿದರು. ಮಾವ ಒಂದಿಷ್ಟೂ ನಗದೆ ಬರೆದು ಓದಿದರು. "ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು, ತಮ್ಮ ಪತಿಯಾಗಿ ಇಪ್ಪತ್ತೆರಡು ವರ್ಷಗಳ ನಿರಂತರ ಸೇವೆ ಸಲ್ಲಿಸಿದ್ದು, ತಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಒಂದು ಅಡಿ ಸ್ಥಳವನ್ನು ಮಂಜೂರು ಮಾಡಬೇಕಾಗಿ ವಿನಯಪೂರ್ವಕ ಕೋರುತ್ತೇನೆ." ಕೇಳುತ್ತಿದ್ದ ಹಾಗೆ ಮ್ಯಾನೇಜರಿಗೆ ತಮ್ಮ ಮೇಲೆ ತಮಗೇ ಕನಿಕರ ಬಂತು. ಹಿಂದೆ ನಿಂತಿದ್ದ ಅಜ್ಜಿಗೂ ಬಂತು. "ಕೊಡ್ತಾಳೆ ಬಿಡಪ್ಪ, ಬರವಣಿಗೆ ಹಾಗಿದೆ," ಎಂದರು.

ಮಾವ ಕಾಗದ ಮಡಿಸಿ, ಲಕೋಟೆಗೆ ಅಂಟು ಹಾಕಿ, ತಾವೇ ಎದ್ದು ಹೋಗಿ ಅಡುಗೆಮನೆಯಲ್ಲಿ ಕೊಟ್ಟು ಬಂದರು. ಐದು ನಿಮಿಷದಲ್ಲಿ ಅದೇ ಹಾಳೆ ವಾಪಸು ಬಂತು, ಅಂಚಿನಲ್ಲಿ ಲ್ಯಾಬಿನ ರಿಪೋರ್ಟಿನಂಥ ದುಂಡಗಿನ ಅಕ್ಷರದಲ್ಲಿ ಷರಾ ಸಮೇತ.

"ಅರ್ಜಿಯನ್ನು ಪರಿಶೀಲಿಸಲಾಗಿದೆ. ಅಡುಗೆಮನೆಯಲ್ಲಿ ಸ್ಥಳ ಕೋರುವವರಿಗೆ ಅಡುಗೆಮನೆಯಲ್ಲಿ ಕೆಲಸ ಮಾಡಿದ ಅನುಭವ ಕಡ್ಡಾಯ. ಸಿಂಕು ತುಂಬಿದೆ. ಅರ್ಜಿದಾರರು ಈ ಕೂಡಲೇ ಹಾಜರಾಗತಕ್ಕದ್ದು."

ಮ್ಯಾನೇಜರು ಅದನ್ನು ಎರಡು ಸಲ ಓದಿ ಕೌಂಟರಿನ ಮೇಲಿಟ್ಟರು. "ಮಾವ, ಇದೇನು ಹೀಗಾಯ್ತು?"

"ಕಾಗದ ಬರೆಯೋದು, ತಲುಪಿಸೋದು ನಮ್ಮ ಕೆಲಸ ಅಳಿಯಂದಿರೇ," ಎಂದರು ಮಾವ. "ಉತ್ತರಕ್ಕೆ ನಾವು ಜವಾಬ್ದಾರರಲ್ಲ." ಅವರ ಮೀಸೆಯ ಕೆಳಗೆ ಏನೋ ಸಣ್ಣಗೆ ಅಲುಗಿದ ಹಾಗಾಯಿತು. ಆಮೇಲೆ ಮ್ಯಾನೇಜರ ಹೆಗಲಿನಾಚೆಗೆ ನೋಡಿ, "ಮುಂದಿನವರು ಬನ್ನಿ," ಎಂದರು.

ಮ್ಯಾನೇಜರು ಶರ್ಟಿನ ತೋಳು ಮಡಿಸಿಕೊಳ್ಳುತ್ತಾ ಅಡುಗೆಮನೆಯ ಕಡೆಗೆ ನಡೆದರು.